ಬೊನೇರ್‌ಗೆ ಡೈವಿಂಗ್ ಹೊರಡುವ ಮೊದಲು ಮನೆಯಲ್ಲೇ ಮುಗಿಸಬೇಕಾದ ಕೆಲಸ

ಕೆರಿಬಿಯನ್ ಸಮುದ್ರಕ್ಕೆ ಸ್ಕೂಬಾ ಡೈವಿಂಗ್‌ಗೆ ಹೊರಟವರು ನನ್ನನ್ನು ಮೊದಲು ಕೇಳುವುದು ಕ್ಯಾಮೆರಾ ಬಗ್ಗೆ. ಯಾವುದು ಕೊಳ್ಳಬೇಕು, ಎಷ್ಟು ಆಳದವರೆಗೆ ತಾಳುತ್ತದೆ, ಆಮೆಯ ಚಿತ್ರ ಚೆನ್ನಾಗಿ ಬರುತ್ತದೆಯೇ. ಮಾಸ್ಕ್ ಮುಖಕ್ಕೆ ಕೂರುವುದು ಹೇಗೆ ಎಂದು ಕೇಳಿದವರು ಕಡಿಮೆ. ಕಿವಿಯ ಬಗ್ಗೆ ಕೇಳಿದವರು ಇನ್ನೂ ಕಡಿಮೆ. ನೀರು ಬೆಚ್ಚಗಿದೆ, ತಿಳಿಯಾಗಿದೆ, ಹಾಗಾಗಿ ಹೋಗಿ ಇಳಿದರಾಯಿತು ಎಂಬ ಧೈರ್ಯ. ತಣ್ಣೀರಿಗೆ ಇಳಿಯುವವನಿಗೆ ಭಯವೇ ಗುರು, ಅದೇ ಬೆನ್ನು ಹತ್ತಿ ತಯಾರಿ ಮಾಡಿಸುತ್ತದೆ. ಬೆಚ್ಚನೆಯ ನೀರಿಗೆ ಹೋಗುವವನನ್ನು ಯಾರೂ ಹೆದರಿಸುವುದಿಲ್ಲವಾದ್ದರಿಂದ ಅವನು ತಾನೇ ಕುಳಿತು ಪಟ್ಟಿ ಮಾಡಬೇಕಾಗುತ್ತದೆ.

ನಾನು ಸಾಗರದ ಕಡೆಯವಳು. ಊರಿನ ಹೆಸರೇ ಸಾಗರ, ಸಮುದ್ರ ಮಾತ್ರ ಘಟ್ಟದ ಕೆಳಗೆ. ಈಗ ಇರುವುದು ಅಟ್ಲಾಂಟಾದಲ್ಲಿ. ವಯಸ್ಸು ಐವತ್ತು ದಾಟಿದೆ, ಕನ್ನಡಕದ ಪವರ್ ದಪ್ಪ, ಊಟ ಸಸ್ಯಾಹಾರ, ಜೊತೆಗಾರ ಸೈನಸ್ ತೊಂದರೆಯಿರುವ ನಮ್ಮ ಯಜಮಾನರು. ಇಷ್ಟೆಲ್ಲ ಹೇಳಿದ್ದು ಏಕೆಂದರೆ ಮುಂದಿನ ಸಲಹೆಗಳು ಇಪ್ಪತ್ತೈದರ ಹರೆಯದವರಿಗಾಗಿ ಬರೆದವಲ್ಲ. ಅವರೂ ಓದಬಹುದು.

ಮೊದಲು ಜಾಗದ ಮಾತು. ನಾನು ಬರೆಯುತ್ತಿರುವುದು ಬೊನೇರ್ ಬಗ್ಗೆ. ಕೆರಿಬಿಯನ್ ಎಂದರೆ ಒಂದೇ ಸಮುದ್ರವಾದರೂ ಒಂದೇ ಬಗೆಯ ಡೈವಿಂಗ್ ಅಲ್ಲ. ಮೆಕ್ಸಿಕೊದ ಕೊಜುಮೆಲ್‌ನಲ್ಲಿ ನೀರಿನ ಸೆಳೆತ ಜೋರು, ದೋಣಿಯಿಂದ ಇಳಿದು ಸೆಳೆತದ ಜೊತೆ ತೇಲುತ್ತ ಹೋಗಬೇಕು, ಗೈಡ್ ಹೇಳಿದಂತೆ ಕೇಳಬೇಕು. ಬೊನೇರ್‌ನಲ್ಲಿ ದಡದಿಂದಲೇ ನಡೆದು ನೀರಿಗಿಳಿಯಬಹುದು, ನಿಮ್ಮ ವೇಳೆ ನಿಮ್ಮದು. ಜೂನ್‌ನಿಂದ ನವೆಂಬರ್‌ವರೆಗೆ ಕೆರಿಬಿಯನ್‌ನಲ್ಲಿ ಚಂಡಮಾರುತದ ಕಾಲ. 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ವೆನೆಜುವೆಲಾದ ನೆತ್ತಿಯ ಮೇಲಿರುವ ಬೊನೇರ್ ಸಾಮಾನ್ಯವಾಗಿ ಅದರ ದಾರಿಗೆ ಸಿಗುವುದಿಲ್ಲ. ಹಾಗೆಂದು ಪೂರ್ತಿ ನಿಶ್ಚಿಂತೆ ಬೇಡ: 1999ರಲ್ಲಿ ಲೆನ್ನಿ ಮತ್ತು 2008ರಲ್ಲಿ ಓಮರ್ ದೂರದಲ್ಲೇ ಹಾದುಹೋದರೂ ಪಶ್ಚಿಮದ ದಡಕ್ಕೆ ತಿರುಗು ಅಲೆಗಳನ್ನು ಕಳಿಸಿ ಹವಳವನ್ನು ಪುಡಿ ಮಾಡಿದ್ದವು.

ಬೆಂಗಳೂರಿನಿಂದ ಇಷ್ಟಕ್ಕಾಗಿಯೇ ಕೆರಿಬಿಯನ್‌ಗೆ ಹೋಗಬೇಕೇ ಎಂದು ಕೇಳಿದರೆ ಬೇಡ ಎನ್ನುತ್ತೇನೆ. ಅಂಡಮಾನ್ ಇದೆ, ಲಕ್ಷದ್ವೀಪ ಇದೆ, ಮಾಲ್ಡೀವ್ಸ್ ಇದೆ. ಆದರೆ ಅಮೆರಿಕದಲ್ಲಿ ನೆಲೆಸಿದವರಿಗೆ ಅಟ್ಲಾಂಟಾ, ಮಯಾಮಿ, ಹ್ಯೂಸ್ಟನ್‌ಗಳಿಂದ ನೇರ ವಿಮಾನವಿರುವ ದ್ವೀಪ ಇದು.

ಕಾಗದಪತ್ರ

ಬೊನೇರ್ 2010ರ ಅಕ್ಟೋಬರ್ 10ರಿಂದ ನೆದರ್ಲೆಂಡ್ಸ್‌ನ ವಿಶೇಷ ಪುರಸಭೆ. ಆದರೂ ಅದು ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ವಲಯದಲ್ಲಿಲ್ಲ. ಭಾರತೀಯ ಪಾಸ್‌ಪೋರ್ಟ್ ಉಳ್ಳವರು ಟಿಕೆಟ್ ಕೊಳ್ಳುವ ಮೊದಲು ನೆದರ್ಲೆಂಡ್ಸ್ ಸರ್ಕಾರದ ಜಾಲತಾಣದಲ್ಲಿ ಕೆರಿಬಿಯನ್ ಭಾಗಕ್ಕೆಂದೇ ಇರುವ ವೀಸಾ ನಿಯಮ ಓದಿ, ತಮ್ಮ ಬಳಿ ಇರುವ ಅಮೆರಿಕದ ಪತ್ರ ಸಾಕೋ ಸಾಲದೋ ನೋಡಿಕೊಳ್ಳಬೇಕು. ಹೋಗುವುದಕ್ಕಿಂತ ವಾಪಸು ಬರುವ ಚಿಂತೆ ದೊಡ್ಡದು. ಎಚ್-1ಬಿ ಮೇಲಿರುವ ನಮ್ಮವರಲ್ಲಿ ಎಷ್ಟೋ ಮಂದಿಯ ಪಾಸ್‌ಪೋರ್ಟಿನ ವೀಸಾ ಸ್ಟಾಂಪಿಂಗ್ ಅವಧಿ ಮುಗಿದಿರುತ್ತದೆ. ಹಾಗಿದ್ದರೂ ಕೆನಡಾ, ಮೆಕ್ಸಿಕೊಗೆ 30 ದಿನದೊಳಗೆ ಹೋಗಿ ಬರಲು ಒಂದು ರಿಯಾಯಿತಿ ಇದೆ. ಆ ರಿಯಾಯಿತಿ ಎಚ್-1ಬಿಯವರಿಗೆ ಕೆರಿಬಿಯನ್ ದ್ವೀಪಗಳಿಗೆ ಅನ್ವಯಿಸುವುದಿಲ್ಲ. ನಿಮ್ಮ ಸ್ಥಿತಿ ಹಾಗಿದ್ದರೆ ಈ ವರ್ಷ ಬೊನೇರ್ ಮರೆತು, ವಕೀಲರನ್ನು ಕೇಳಿ ಕೊಜುಮೆಲ್ ನೋಡಿ.

ದುಡ್ಡು ಬದಲಾಯಿಸುವ ತಾಪತ್ರಯವಿಲ್ಲ. 2011ರಿಂದ ಅಲ್ಲಿ ಅಮೆರಿಕದ ಡಾಲರೇ ನಡೆಯುತ್ತದೆ. ಹೊರಗಿನವರಿಗೆ 75 ಡಾಲರ್ ಪ್ರವೇಶ ತೆರಿಗೆ, ಅದರ ಮೇಲೆ ಸಮುದ್ರಕ್ಕಿಳಿಯುವವರಿಗೆ 40 ಡಾಲರ್ ನಿಸರ್ಗ ಶುಲ್ಕ. ಎರಡನ್ನೂ ಮನೆಯಿಂದಲೇ ಕಟ್ಟಿ, ರಸೀದಿಯನ್ನು ಮೊಬೈಲಿನಲ್ಲೂ ಕಾಗದದಲ್ಲೂ ಇಟ್ಟುಕೊಳ್ಳಿ. ದರ ಆಗಾಗ ಪರಿಷ್ಕರಣೆಯಾಗುವುದರಿಂದ ಕಟ್ಟುವ ದಿನ ಎಷ್ಟಿದೆ ನೋಡಿ. ನಿಸರ್ಗ ಶುಲ್ಕ ಹೋಗುವುದು ಸ್ಟಿನಾಪಾ ಎಂಬ ಸಂಸ್ಥೆಗೆ. ದ್ವೀಪದ ಸುತ್ತ 60 ಮೀಟರ್ ಆಳದವರೆಗಿನ ಸಮುದ್ರವನ್ನು 1979ರಲ್ಲೇ ಸಂರಕ್ಷಿತ ಉದ್ಯಾನವಾಗಿ ಮಾಡಿದರು, ಅದನ್ನು ನೋಡಿಕೊಳ್ಳುವುದು ಇದೇ ಸಂಸ್ಥೆ. ಕೊಟ್ಟ ದುಡ್ಡಿಗೆ ನನಗೆ ಬೇಸರವಿಲ್ಲ. ಖರ್ಚಿನ ವಿಷಯದಲ್ಲಿ ನಾನು ಇಷ್ಟು ಉದಾರವಾಗಿ ಮಾತನಾಡುವುದು ಅಪರೂಪ.

ಡೈವಿಂಗ್ ಪ್ರಮಾಣಪತ್ರ ಇಲ್ಲದೆ ಅಲ್ಲಿ ಗಾಳಿಯ ಟ್ಯಾಂಕ್ ಕೊಡುವುದಿಲ್ಲ. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ, ಶಿಕ್ಷಕರ ಕೈ ಹಿಡಿದು ಒಮ್ಮೆ ನೀರೊಳಗೆ ಹೋಗಿ ಬಂದದ್ದು ಒಳ್ಳೆಯ ಅನುಭವ. ಆದರೆ ಅದು ಪ್ರಮಾಣಪತ್ರವಲ್ಲ. ಓಪನ್ ವಾಟರ್ ಕೋರ್ಸ್ ಮುಗಿಸಿದವರಿಗೆ 18 ಮೀಟರ್, ಅಡ್ವಾನ್ಸ್ಡ್ ಮುಗಿಸಿದವರಿಗೆ 30 ಮೀಟರ್ ಆಳದ ಮಿತಿ. ಸಮಯ ಕಡಿಮೆ ಇದ್ದರೆ ಪಾಠ ಮತ್ತು ಈಜುಕೊಳದ ಅಭ್ಯಾಸವನ್ನು ನಿಮ್ಮ ಊರಿನಲ್ಲೇ ಮುಗಿಸಿ, ಕೊನೆಯ ನಾಲ್ಕು ಸಮುದ್ರ ಡೈವ್‌ಗಳನ್ನು ಬೊನೇರ್‌ನಲ್ಲಿ ಮಾಡುವ ವ್ಯವಸ್ಥೆ ಇದೆ. ರೆಫರಲ್ ಎನ್ನುತ್ತಾರೆ. ಜನವರಿಯಲ್ಲಿ ಇಲ್ಲಿನ ಕಲ್ಲುಗಣಿಯ ಕೆರೆಗಳಲ್ಲಿ ನಡುಗುವುದಕ್ಕಿಂತ ಅದು ಎಷ್ಟೋ ವಾಸಿ. ಪ್ರಮಾಣಪತ್ರವಿದ್ದೂ ವರ್ಷಗಟ್ಟಲೆ ನೀರು ಮುಟ್ಟದವರು ಹೊರಡುವ ಮೊದಲು ಈಜುಕೊಳದಲ್ಲಿ ಒಂದು ಮರುಪಾಠ ತೆಗೆದುಕೊಳ್ಳಬೇಕು. ಮಾಸ್ಕಿಗೆ ನೀರು ತುಂಬಿಸಿ ಖಾಲಿ ಮಾಡುವುದು, ಟ್ಯಾಂಕಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಜಾರಿದರೆ ಅದನ್ನು ಹುಡುಕಿ ಹಿಡಿಯುವುದು, ಜೊತೆಗಾರನ ಗಾಳಿ ಪಡೆಯುವುದು, ಇವು ಮೂರು ಯೋಚಿಸದೆ ಬರುವಂತಾಗಬೇಕು.

ಕಿವಿ, ಎದೆ, ಕಣ್ಣು

ಡೈವಿಂಗ್ ಅಂಗಡಿಗಳು ಆರೋಗ್ಯದ ಪ್ರಶ್ನಾವಳಿಯೊಂದನ್ನು ತುಂಬಲು ಕೊಡುತ್ತವೆ. ಉಬ್ಬಸ, ರಕ್ತದೊತ್ತಡ, ಮಧುಮೇಹ, ಹೃದಯ, ಕಿವಿಯ ಶಸ್ತ್ರಚಿಕಿತ್ಸೆ, ಎಲ್ಲವನ್ನೂ ಕೇಳುತ್ತಾರೆ. 45 ದಾಟಿದವರಿಗೆ ಬೇರೆಯದೇ ಪ್ರಶ್ನೆಗಳಿವೆ: ಧೂಮಪಾನ, ಕೊಲೆಸ್ಟರಾಲ್, ಮನೆತನದಲ್ಲಿ ಹೃದ್ರೋಗ. ಸಂಬಂಧಪಟ್ಟ ಒಂದು ಪ್ರಶ್ನೆಗೆ ಹೌದು ಎಂದರೂ ವೈದ್ಯರ ಸಹಿ ಬೇಕು. ಈ ಫಾರಂ ಅಂತರ್ಜಾಲದಲ್ಲೇ ಸಿಗುತ್ತದೆ. ಮನೆಯಲ್ಲಿ ಇಳಿಸಿಕೊಂಡು, ತುಂಬಿ, ನಿಮ್ಮ ವೈದ್ಯರಿಂದ ಸಹಿ ಹಾಕಿಸಿ ಒಯ್ಯಿರಿ. ದ್ವೀಪಕ್ಕೆ ಇಳಿದ ಮೇಲೆ ವೈದ್ಯರನ್ನು ಹುಡುಕಿಕೊಂಡು ಅಲೆದರೆ ದಿನವೊಂದು ಹಾಳು. ಎಲ್ಲದಕ್ಕೂ ಇಲ್ಲ ಎಂದು ಟಿಕ್ ಹಾಕಿ ನುಸುಳುವ ಚಾಣಾಕ್ಷರಿದ್ದಾರೆ. ಡೈವಿಂಗ್ ಸಾವುಗಳಲ್ಲಿ ದೊಡ್ಡ ಪಾಲು ಹೃದಯಕ್ಕೆ ಸಂಬಂಧಿಸಿದ್ದು, ಮತ್ತು ಹೃದ್ರೋಗ ನಮ್ಮ ಜನಕ್ಕೆ ಬೇಗ ಬರುವ ಕಾಯಿಲೆ. ಬಿಡುವಿಲ್ಲದೆ 200 ಮೀಟರ್ ಈಜಲು, ಹತ್ತು ನಿಮಿಷ ತೇಲಲು ಆಗುತ್ತದೆಯೇ ಎಂದು ನಿಮ್ಮನ್ನೇ ಪರೀಕ್ಷಿಸಿಕೊಳ್ಳಿ. ಆಗದಿದ್ದರೆ ಪ್ರವಾಸವನ್ನು ಮೂರು ತಿಂಗಳು ಮುಂದೂಡಿ ಈಜುಕೊಳ ಸೇರಿ.

ಈಗ ಕಿವಿ. ಸಮುದ್ರದ ಮೇಲ್ಮೈಯಿಂದ 10 ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ಎರಡರಷ್ಟಾಗುತ್ತದೆ. ಮುಂದಿನ ಹತ್ತು ಮೀಟರಿನಲ್ಲಿ ಒಂದೂವರೆ ಪಟ್ಟು ಮಾತ್ರ. ಅಂದರೆ ಕಿವಿಗೆ ಹೆಚ್ಚು ಕಷ್ಟ ಮೇಲಿನ ಕೆಲವು ಮೀಟರ್‌ಗಳಲ್ಲೇ. ಮೂಗು ಹಿಡಿದು ಮೆಲ್ಲಗೆ ಊದುವುದನ್ನು ನೀರಿಗೆ ತಲೆ ಹಾಕುವ ಮೊದಲೇ ಆರಂಭಿಸಿ, ಅರ್ಧ ಅರ್ಧ ಮೀಟರಿಗೆ ಮಾಡುತ್ತ, ಕಾಲು ಕೆಳಗೆ ತಲೆ ಮೇಲೆ ಮಾಡಿಕೊಂಡು ಇಳಿಯಿರಿ. ನೋವು ಶುರುವಾದ ಮೇಲೆ ಜೋರಾಗಿ ಊದುವುದು ಅಪಾಯ. ಒಂದು ಮೀಟರ್ ಮೇಲೇರಿ ಮತ್ತೆ ಪ್ರಯತ್ನಿಸಬೇಕು, ಆಗಲಿಲ್ಲವೆಂದರೆ ಆ ದಿನಕ್ಕೆ ದಂಡೆಯೇ ಗತಿ. ಹೊರಡುವ ಮುಂಚಿನ ವಾರಗಳಲ್ಲಿ ಸ್ನಾನದ ಮನೆಯಲ್ಲಿ ಇದನ್ನು ದಿನಕ್ಕೆ ನಾಲ್ಕಾರು ಬಾರಿ ಅಭ್ಯಾಸ ಮಾಡಿ. ನಮ್ಮ ಯಜಮಾನರಿಗೆ ಮೂಗು ಕಟ್ಟುವ ಕಾಯಿಲೆ. ಮಾತ್ರೆ ನುಂಗಿ ಇಳಿಯುತ್ತೇನೆ ಎಂದು ಹಟ ಹಿಡಿಯುತ್ತಾರೆ, ನಾನು ಬಿಡುವುದಿಲ್ಲ. ಮಾತ್ರೆಯ ಪ್ರಭಾವ ಆಳದಲ್ಲಿರುವಾಗಲೇ ಇಳಿದುಹೋದರೆ ಮೇಲೇರುವಾಗ ಒಳಗಿನ ಗಾಳಿ ಹೊರಬರಲು ದಾರಿಯಿರುವುದಿಲ್ಲ. ಇಳಿಯುವಾಗಿನ ತೊಂದರೆಯಾದರೆ ನಿಲ್ಲಿಸಬಹುದು. ಗಾಳಿ ಮುಗಿಯುತ್ತಿರುವಾಗ ಮೇಲೇರದೆ ಇರಲು ಸಾಧ್ಯವೇ?

ಬೆಚ್ಚನೆಯ ನೀರಿನಲ್ಲಿ ದಿನವಿಡೀ ನೆಂದ ಕಿವಿಯಲ್ಲಿ ಸೋಂಕಾಗುವುದು ಮಾಮೂಲು. ಪ್ರತಿ ಡೈವ್ ಆದ ಮೇಲೆ ಸಿಹಿನೀರಿನಿಂದ ಕಿವಿ ತೊಳೆದು, ತಲೆ ಓರೆ ಮಾಡಿ ಬಸಿದು ಒಣಗಿಸಿ. ಹತ್ತಿಯ ಕಡ್ಡಿ ಹಾಕಬೇಡಿ. ಕಿವಿ ಒಣಗಿಸುವ ಹನಿ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ತಮಟೆಯಲ್ಲಿ ರಂಧ್ರವಿದ್ದವರು ಅದನ್ನು ಮುಟ್ಟಕೂಡದು, ಹಾಗಾಗಿ ವೈದ್ಯರ ಬಳಿ ಹೋದಾಗ ಅದನ್ನೂ ತೋರಿಸಿಕೊಳ್ಳಿ.

ಕನ್ನಡಕದವರಿಗೆ ಎರಡು ದಾರಿ. ಒಂದು, ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಇಳಿಯುವುದು. ಮಾಸ್ಕಿಗೆ ನೀರು ನುಗ್ಗಿದಾಗ ಕಣ್ಣು ಮುಚ್ಚುವ ಅಭ್ಯಾಸವಿರಬೇಕು, ಹೆಚ್ಚುವರಿ ಜೊತೆ ಚೀಲದಲ್ಲಿರಬೇಕು. ಇನ್ನೊಂದು, ಪವರ್ ಇರುವ ಗಾಜುಗಳನ್ನು ಮಾಸ್ಕಿಗೇ ಹಾಕಿಸುವುದು. ಅರ್ಧ ಪಾಯಿಂಟ್ ಅಂತರದಲ್ಲಿ ಸಿದ್ಧ ಗಾಜುಗಳು ಸಿಗುತ್ತವೆ. ಸಿಲಿಂಡ್ರಿಕಲ್ ಪವರ್ ಅವುಗಳಲ್ಲಿರುವುದಿಲ್ಲ, ಅದು ಬೇಕಾದರೆ ಹೇಳಿ ಮಾಡಿಸಬೇಕು, ವಾರಗಳು ಹಿಡಿಯುತ್ತವೆ. ಚಾಳೀಸು ಬಂದ ನಮ್ಮಂಥವರು ಇನ್ನೊಂದನ್ನು ಯೋಚಿಸಬೇಕು: ದೂರದ ಮೀನು ಸ್ಪಷ್ಟವಾಗಿ ಕಂಡರೂ ಆಳ, ಸಮಯ ತೋರಿಸುವ ಕೈಯಲ್ಲಿನ ಡೈವ್ ಕಂಪ್ಯೂಟರಿನ ಅಂಕಿ ಕಾಣುವುದಿಲ್ಲ. ಅಂಕಿ ಕಾಣದೆ ಡೈವ್ ಮಾಡುವುದು ಹುಚ್ಚುತನ. ಮಾಸ್ಕಿನ ಕೆಳಭಾಗಕ್ಕೆ ಅಂಟಿಸುವ ಓದುವ ಗಾಜಿನ ತುಣುಕುಗಳು ಸಿಗುತ್ತವೆ, ಅಗ್ಗವೂ ಹೌದು.

ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಾಡಿಗೆಗೆ ಪಡೆಯಬೇಕು

ಮೈಗೆ ತಾಗುವ ಸಾಮಾನು ನಿಮ್ಮದಾಗಿರಲಿ, ಉಳಿದದ್ದು ಬಾಡಿಗೆಗೆ ಸಾಕು. ಇದು ನನ್ನ ಲೆಕ್ಕ. ಮಾಸ್ಕ್, ಬೂಟು, ಈಜಲು ಕಾಲಿಗೆ ಹಾಕುವ ಫಿನ್, ವೆಟ್‌ಸೂಟ್, ಕಂಪ್ಯೂಟರ್ ನಿಮ್ಮವು. ಗಾಳಿ ತುಂಬಿ ತೇಲುವ ಹದ ಹಿಡಿಯುವ ಬಿಸಿಡಿ ಜಾಕೆಟ್, ರೆಗ್ಯುಲೇಟರ್, ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ, ಟ್ಯಾಂಕ್ ಅಂಗಡಿಯವು. ಸ್ವಂತ ರೆಗ್ಯುಲೇಟರ್ ಇರುವವರು ಸರ್ವಿಸ್ ಮಾಡಿಸಿದ ಮೇಲೆ ಒಮ್ಮೆಯಾದರೂ ಈಜುಕೊಳದಲ್ಲಿ ಉಸಿರಾಡಿ ನೋಡಿ. ಹೊರಡುವ ಹಿಂದಿನ ದಿನ ಅಂಗಡಿಯಿಂದ ತಂದು ಹಾಗೇ ಚೀಲಕ್ಕೆ ಹಾಕಬೇಡಿ.

ಮಾಸ್ಕನ್ನು ಅಂತರ್ಜಾಲದಲ್ಲಿ ಕೊಳ್ಳಬಾರದು. ಅಂಗಡಿಯಲ್ಲಿ ಪಟ್ಟಿ ಹಾಕಿಕೊಳ್ಳದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರು ಎಳೆದುಕೊಳ್ಳಿ. ಕೈ ಬಿಟ್ಟರೂ ಅಂಟಿಕೊಂಡೇ ಇದ್ದರೆ ಅದು ನಿಮ್ಮ ಮುಖದ್ದು. ಮೀಸೆಯವರಿಗೆ ಮೇಲ್ದುಟಿಯ ಬಳಿ ಸೋರುತ್ತದೆ. ಮೂಗಿನ ಕೆಳಗೆ ಒಂದು ಗೆರೆಯಷ್ಟು ಬೋಳಿಸಿದರೆ ಸಾಕು, ಪೂರ್ತಿ ತೆಗೆಯಬೇಕಿಲ್ಲ. ಹೆಂಗಸರು ಹಣೆಯ ಮೇಲಿನ ಕೂದಲ ಎಳೆಗಳನ್ನು ಹಿಂದಕ್ಕೆ ಕಟ್ಟಬೇಕು. ಹೊಸ ಮಾಸ್ಕಿನ ಗಾಜಿನೊಳಗೆ ಕಾರ್ಖಾನೆಯ ಸಿಲಿಕೋನ್ ಪೊರೆ ಇರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಉಜ್ಜಿ, ತೊಳೆದು, ಮತ್ತೆ ಉಜ್ಜಿ. ಇಲ್ಲದಿದ್ದರೆ ನೀರೊಳಗೆ ಮಂಜು ಕವಿದು ಏನೂ ಕಾಣುವುದಿಲ್ಲ. ಬೆಂಕಿಯಿಂದ ಸುಡುವ ವಿಡಿಯೊಗಳಿವೆ, ಅವನ್ನು ನೋಡಿ ಮಾಸ್ಕಿನ ರಬ್ಬರ್ ಕರಗಿಸಿಕೊಳ್ಳಬೇಡಿ. ಪವರ್ ಗಾಜು ಹಾಕಿಸಿದ್ದರೆ ಉಜ್ಜುವ ಮೊದಲು ಹಾಕಿಕೊಟ್ಟವರನ್ನು ಕೇಳಿ.

ಬೂಟಿನ ವಿಷಯದಲ್ಲಿ ಬೊನೇರ್ ಬೇರೆಯೇ. ದಡವೆಂದರೆ ಮರಳಲ್ಲ, ಸತ್ತ ಹವಳದ ತುಂಡುಗಳು, ಚೂಪಾದ ಸುಣ್ಣಕಲ್ಲು, ಸಂದಿಯಲ್ಲಿ ಮುಳ್ಳಿನ ಕಡಲಜೀವಿಗಳು. ದೋಣಿಯಿಂದ ಹಾರುವವರ ಬರಿಗಾಲಿಗೆ ಹಾಕುವ ಫಿನ್‌ಗಳು ಇಲ್ಲಿ ಉಪಯೋಗಕ್ಕೆ ಬಾರವು. ದಪ್ಪ ಅಟ್ಟೆಯ ಬೂಟು, ಅದರ ಮೇಲೆ ಹಿಮ್ಮಡಿ ತೆರೆದ ಫಿನ್ ಬೇಕು. ಎರಡನ್ನೂ ಒಟ್ಟಿಗೆ ಹಾಕಿ ನೋಡಿಯೇ ಕೊಳ್ಳಿ.

ನೀರು ಫೆಬ್ರವರಿಯಲ್ಲಿ ಸುಮಾರು 26 ಡಿಗ್ರಿ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ 29ರ ಆಸುಪಾಸು. ಅಷ್ಟಕ್ಕೆ ವೆಟ್‌ಸೂಟ್ ಯಾಕೆ ಎನ್ನುವವರು ಮೂರನೆಯ ದಿನ ತುಟಿ ನೀಲಿ ಮಾಡಿಕೊಂಡು ಕುಳಿತಿರುತ್ತಾರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಒಂದು ಡೈವ್‌ಗೆ ತಿಳಿಯುವುದಿಲ್ಲ; ದಿನಕ್ಕೆ ಮೂರರಂತೆ ವಾರವಿಡೀ ಇಳಿದರೆ ತಿಳಿಯುತ್ತದೆ. ಕೈಕಾಲು ಪೂರ್ತಿ ಮುಚ್ಚುವ 3 ಮಿಲಿಮೀಟರ್ ಸೂಟ್ ಸಾಕು. ಉರಿಹವಳ, ಲೋಳೆಮೀನು, ಬಿಸಿಲು, ಮೂರರಿಂದಲೂ ಅದು ಕಾಯುತ್ತದೆ. ಕೈಗವಸು ಮಾತ್ರ ಒಯ್ಯಬೇಡಿ, ಅಲ್ಲಿ ನಿಷಿದ್ಧ. ಕೈಗವಸು ಹಾಕಿದವನು ಹವಳ ಹಿಡಿಯುತ್ತಾನೆ ಎಂಬುದು ಅವರ ತರ್ಕ, ನನಗೂ ಸರಿಯೆನಿಸುತ್ತದೆ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಕೂಡ 2021ರಿಂದ ನಿಷಿದ್ಧ. ಜಿಂಕ್ ಆಕ್ಸೈಡ್ ಇರುವುದನ್ನು ಕೊಳ್ಳಿ, ಅದಕ್ಕಿಂತ ಉದ್ದ ತೋಳಿನ ಅಂಗಿ ಮತ್ತು ಟೋಪಿ ಮೇಲು.

ತೂಕದ ಲೆಕ್ಕವನ್ನು ಬರೆದುಕೊಂಡು ಹೋಗಿ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಎರಡೂವರೆ ಶೇಕಡ ಸಾಂದ್ರ. ಸಾಮಾನು ಸಮೇತ 90 ಕಿಲೊ ತೂಗುವವರಿಗೆ ಈಜುಕೊಳಕ್ಕಿಂತ ಸಮುದ್ರದಲ್ಲಿ ಎರಡು ಕಿಲೊ ಚಿಲ್ಲರೆ ಸೀಸ ಹೆಚ್ಚು ಬೇಕು. ಅಲ್ಲಿನ ಟ್ಯಾಂಕ್‌ಗಳು ಹೆಚ್ಚಾಗಿ ಅಲ್ಯೂಮಿನಿಯಂನವು. ತುಂಬಿದಾಗ ಒಳಗಿನ ಗಾಳಿಯೇ ಎರಡೂವರೆ ಕಿಲೊ ತೂಗುತ್ತದೆ, ಅದನ್ನೆಲ್ಲ ಉಸಿರಾಡಿ ಮುಗಿಸಿದಾಗ ಟ್ಯಾಂಕ್ ತೇಲತೊಡಗುತ್ತದೆ. ಆದ್ದರಿಂದ ಪರೀಕ್ಷೆ ಮಾಡಬೇಕಾದದ್ದು ಡೈವ್‌ನ ಕೊನೆಯಲ್ಲಿ: ಟ್ಯಾಂಕಿನಲ್ಲಿ 50 ಬಾರ್ ಒತ್ತಡದಷ್ಟು ಗಾಳಿ ಉಳಿದಿರುವಾಗ, ಜಾಕೆಟಿನ ಗಾಳಿ ಪೂರ್ತಿ ಬಿಟ್ಟು, ಸಾಧಾರಣ ಉಸಿರು ಹಿಡಿದು ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಬಾಡಿಗೆಯ ಮಾಪಕದಲ್ಲಿ ಬಾರ್ ಬದಲು ಪಿಎಸ್ಐ ಇರಬಹುದು. 200 ಬಾರ್ ಎಂದರೆ ಸುಮಾರು 3000, 50 ಎಂದರೆ ಸುಮಾರು 700. ಅಂಡಮಾನ್‌ನಲ್ಲಿ ಕಲಿತು ಬಂದವರು ಇದನ್ನು ಮಣಿಕಟ್ಟಿನ ಮೇಲೆ ಬರೆದುಕೊಂಡರೂ ನಾನು ನಗುವುದಿಲ್ಲ.

ಚಿಕ್ಕಪುಟ್ಟವು: ಹೆಚ್ಚುವರಿ ಮಾಸ್ಕ್ ಪಟ್ಟಿ, ಫಿನ್ ಪಟ್ಟಿ, ಒ-ರಿಂಗ್‌ಗಳು, ಪ್ಲಾಸ್ಟಿಕ್ ಕಟ್ಟುಪಟ್ಟಿ, ಸೀಟಿ, ನೀರಿನ ಮೇಲೆ ಎದ್ದು ಕಾಣುವ ಉದ್ದನೆಯ ಕಿತ್ತಳೆ ಬಲೂನು. ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲಿ, ಚಾಕು ಇದ್ದರೆ ಲಗೇಜಿನಲ್ಲಿ. ವಿದ್ಯುತ್ 127 ವೋಲ್ಟ್, 50 ಹರ್ಟ್ಸ್. ನಿಮ್ಮ ಚಾರ್ಜರ್ ಮೇಲೆ 100–240 ಎಂದು ಬರೆದಿದ್ದರೆ ಚಿಂತೆಯಿಲ್ಲ. ಒಡವೆ ಬೇಡ. ಮಾಂಗಲ್ಯದ ಸರ ಪಟ್ಟಿಗಳಿಗೆ ಸಿಕ್ಕಿಕೊಳ್ಳುತ್ತದೆ, ನೀರಿನಲ್ಲಿ ಮೈ ತಣ್ಣಗಾದಾಗ ಬೆರಳು ಸಣ್ಣಗಾಗಿ ಉಂಗುರ ಜಾರುತ್ತದೆ, ಹೊಳೆಯುವುದೆಲ್ಲ ಬರಾಕುಡಾ ಮೀನಿನ ಗಮನ ಸೆಳೆಯಬಹುದು. ಮನೆಯಲ್ಲೇ ಬಿಟ್ಟು ಬನ್ನಿ, ಯಾಕೆಂದರೆ ಅಲ್ಲಿ ಇಡಲು ಜಾಗವಿಲ್ಲ. ಅದನ್ನೇ ಈಗ ಹೇಳುತ್ತೇನೆ.

ವಾಹನ, ಊಟ, ದಡ

ಬೊನೇರ್‌ನಲ್ಲಿ ಡೈವಿಂಗ್ ಎಂದರೆ ಪಿಕಪ್ ಟ್ರಕ್. ಕೋಣೆ ಕಾದಿರಿಸಿದ ದಿನವೇ ಅದನ್ನೂ ಕಾದಿರಿಸಿ. ಹಲವು ವಾಹನಗಳು ಗೇರ್ ಬದಲಾಯಿಸುವ ಬಗೆಯವು, ಆಟೊಮ್ಯಾಟಿಕ್‌ಗೆ ಒಗ್ಗಿದವರು ಮೊದಲೇ ಕೇಳಿಕೊಳ್ಳಬೇಕು. ಹಿಂದೆ ಟ್ಯಾಂಕ್‌ಗಳನ್ನು ಹಾಕಿಕೊಂಡು ರಸ್ತೆಯ ಬದಿಯಲ್ಲಿ ಹಳದಿ ಬಣ್ಣ ಬಳಿದು ಹೆಸರು ಬರೆದ ಕಲ್ಲು ಕಂಡಲ್ಲಿ ನಿಲ್ಲಿಸುವುದು, ಇಳಿಯುವುದು. ಇಡೀ ದ್ವೀಪದಲ್ಲಿ ಟ್ರಾಫಿಕ್ ದೀಪವಿಲ್ಲ, ರಸ್ತೆಯಲ್ಲಿ ಕತ್ತೆಗಳಿವೆ. ನಿಲ್ಲಿಸಿದ ಟ್ರಕ್ಕಿನೊಳಗೆ ಏನನ್ನೂ ಬಿಡಬಾರದು. ಬೀಗವನ್ನೂ ಹಾಕಬಾರದು, ಗಾಜು ಇಳಿಸಿಯೇ ಬಿಡಬೇಕು. ಕದಿಯಲು ಬಂದವನು ಗಾಜು ಒಡೆದು ಹೋಗದಿರಲಿ ಎಂಬುದಷ್ಟೇ ಇದರ ಉದ್ದೇಶ. ಹಳೆಯ ಟವೆಲ್, ನೀರಿನ ಬಾಟಲಿ, ಹಳೆಯ ಚಪ್ಪಲಿ, ಇಷ್ಟೇ ಒಯ್ಯಿರಿ. ಸಾದಾ ಕೀಲಿಯಾದರೆ ಜಾಕೆಟಿಗೆ ಸಿಕ್ಕಿಸಿಕೊಳ್ಳಿ, ಎಲೆಕ್ಟ್ರಾನಿಕ್ ಕೀಲಿಯಾದರೆ ಏನು ಮಾಡಬೇಕೆಂದು ಬಾಡಿಗೆ ಕೊಟ್ಟವರನ್ನು ಕೇಳಿ.

ಉತ್ತರಕ್ಕೆ ಹೋಗುವಾಗ ಸಾಮಾನನ್ನು ಎರಡು ಬಾರಿ ಎಣಿಸಿ. ಥೌಸಂಡ್ ಸ್ಟೆಪ್ಸ್ ದಾಟಿ ಕಾರ್ಪಾಟಾ ಕಡೆಗೆ ಹೋಗುವ ಕಡಲತೀರದ ರಸ್ತೆ ಏಕಮುಖ. ಏನಾದರೂ ಮರೆತರೆ ಒಳನಾಡಿನ ರಿಂಕೋನ್ ಊರನ್ನು ಸುತ್ತಿ ಬರಬೇಕು. ಹೆಸರು ಥೌಸಂಡ್ ಆದರೂ ಮೆಟ್ಟಿಲುಗಳು ನೂರಕ್ಕಿಂತ ಕಡಿಮೆ. ಟ್ಯಾಂಕ್ ಹೊತ್ತು ಮೇಲೆ ಹತ್ತುವಾಗ ಹೆಸರೇ ನಿಜವೆನಿಸುತ್ತದೆ. ಮಂಡಿ ನೋವಿದ್ದವರು ದಕ್ಷಿಣಕ್ಕೆ ಹೋಗಲಿ. ಸಾಲ್ಟ್ ಪಿಯರ್ ಎಂಬಲ್ಲಿ ಉಪ್ಪು ತುಂಬುವ ಕಟ್ಟೆಯ ಕಂಬಗಳ ನಡುವೆ ಈಜಬಹುದು, ಹಡಗು ನಿಂತಿದ್ದರೆ ಇಳಿಯುವಂತಿಲ್ಲ. ಹಿಲ್ಮಾ ಹೂಕರ್ ಎಂಬ 72 ಮೀಟರ್ ಉದ್ದದ ಹಡಗು, ಗಾಂಜಾ ಸಮೇತ ಸಿಕ್ಕಿಬಿದ್ದು 1984ರ ಸೆಪ್ಟೆಂಬರ್‌ನಲ್ಲಿ ಮುಳುಗಿದ್ದು, 30 ಮೀಟರ್ ಆಳದಲ್ಲಿ ಮಗ್ಗುಲಾಗಿ ಮಲಗಿದೆ. ಅದು ಅಡ್ವಾನ್ಸ್ಡ್ ಮುಗಿಸಿದವರಿಗೆ. ಪೂರ್ವದ ದಡಕ್ಕೆ ಗಾಳಿ ನೇರ ಅಪ್ಪಳಿಸುತ್ತದೆ, ಅಲ್ಲಿ ಸ್ಥಳೀಯ ಗೈಡ್ ಇಲ್ಲದೆ ಇಳಿಯುವ ಯೋಚನೆಯೇ ಬೇಡ.

ಊಟಕ್ಕೆ ಅಡುಗೆಮನೆ ಇರುವ ಕೋಣೆ ಹಿಡಿಯಿರಿ. ರಾಜಧಾನಿ ಕ್ರಾಲೆಂಡೈಕ್‌ನ ದೊಡ್ಡ ಅಂಗಡಿಗಳಲ್ಲಿ ಅಕ್ಕಿ, ತರಕಾರಿ, ಮೊಸರು, ಡಚ್ಚರ ಚೀಸ್ ಎಲ್ಲ ಸಿಗುತ್ತದೆ. ಹಡಗಿನಲ್ಲಿ ಬರುವ ಸಾಮಾನಾದ್ದರಿಂದ ಬೆಲೆ ಹೆಚ್ಚು. ನಾನು ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ ಒಯ್ಯುತ್ತೇನೆ. ಸ್ಥಳೀಯ ಹೋಟೆಲುಗಳಲ್ಲಿ ಆಡಿನ ಮಾಂಸ, ಮೀನೇ ಹೆಚ್ಚು. ಆದರೆ ಫುಂಚಿ ಕೇಳಿ ನೋಡಿ: ಮೆಕ್ಕೆಜೋಳದ ಹಿಟ್ಟನ್ನು ಕುದಿಸಿ ಕಟ್ಟಿದ್ದು, ನಮ್ಮ ಮುದ್ದೆಯ ನೆಂಟನಂತಿದೆ. ಬೇಯಿಸಿದ ನೀರಿನಲ್ಲಿ ಮಾಂಸ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ನಲ್ಲಿಯ ನೀರು ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು, ಧಾರಾಳವಾಗಿ ಕುಡಿಯಬಹುದು, ಕುಡಿಯಲೇಬೇಕು. ಸದಾ ಬೀಸುವ ಗಾಳಿಯಲ್ಲಿ ಬೆವರು ಕಾಣುವುದಿಲ್ಲ, ಮೈ ಮಾತ್ರ ಒಣಗುತ್ತದೆ. ಒಣಗಿದ ಮೈಯಲ್ಲಿ ಸಾರಜನಕದ ಕಾಯಿಲೆಯ, ಅಂದರೆ ಆಳದಲ್ಲಿ ಮೈಗೆ ಸೇರಿದ ಸಾರಜನಕ ಮೇಲೇರುವಾಗ ಗುಳ್ಳೆಗಟ್ಟುವ ತೊಂದರೆಯ ಅಪಾಯ ಹೆಚ್ಚು.

ಆ ಕಾಯಿಲೆಗೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ ಕ್ರಾಲೆಂಡೈಕ್‌ನ ಆಸ್ಪತ್ರೆಯಲ್ಲಿದೆ. ಖರ್ಚು ನಿಮ್ಮ ಅಮೆರಿಕದ ಆರೋಗ್ಯ ವಿಮೆಯಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ; ಬಹುಶಃ ಸೇರಿರುವುದಿಲ್ಲ. ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನಂಥ ಸಂಸ್ಥೆಗಳ ಡೈವಿಂಗ್ ವಿಮೆ ಒಂದು ಒಳ್ಳೆಯ ಊಟದ ಬಿಲ್ಲಿಗಿಂತ ಬಹಳ ಹೆಚ್ಚೇನಲ್ಲ.

ಮೊದಲ ಡೈವ್ ಕಡ್ಡಾಯವಾಗಿ ಪರಿಚಯದ ಡೈವ್. ಅಂಗಡಿಯ ಮುಂದಿನ ದಡದಲ್ಲೇ ಇಳಿದು ತೂಕ, ಮಾಸ್ಕ್, ತೇಲುವ ಹದ ಎಲ್ಲ ಸರಿಮಾಡಿಕೊಳ್ಳಬೇಕು. ಅದನ್ನು ಕಾಟಾಚಾರಕ್ಕೆ ಮುಗಿಸಬೇಡಿ. ಆಮೇಲೆ ನಿಮ್ಮಷ್ಟಕ್ಕೆ ಇಳಿಯುವಾಗ ಕ್ರಮ ಹೀಗೆ: ಜಾಕೆಟಿಗೆ ಗಾಳಿ ತುಂಬಿ, ಮಾಸ್ಕ್ ಹಾಕಿ, ರೆಗ್ಯುಲೇಟರ್ ಬಾಯಲ್ಲಿಟ್ಟು, ಫಿನ್‌ಗಳನ್ನು ಕೈಯಲ್ಲಿ ಹಿಡಿದು, ಜೊತೆಗಾರನ ತೋಳು ಹಿಡಿದು ನಡೆಯಿರಿ. ನೀರು ಎದೆಮಟ್ಟಕ್ಕೆ ಬಂದಾಗ ತೇಲಿಕೊಂಡೇ ಫಿನ್ ಹಾಕಿಕೊಳ್ಳಿ. ನಿಂತು ಹಾಕಿಕೊಳ್ಳಲು ಹೋದವರು ಬೀಳುತ್ತಾರೆ. ಹವಳದ ಇಳಿಜಾರು ಸಾಮಾನ್ಯವಾಗಿ ಹತ್ತು ಮೀಟರ್ ಆಳದ ಹೊತ್ತಿಗೆ ಶುರುವಾಗುತ್ತದೆ. ಅಲ್ಲಿ ಒಂದು ಗುರುತು ನೋಡಿಟ್ಟುಕೊಂಡು, ಸೆಳೆತವಿದ್ದರೆ ಮೊದಲು ಅದರ ಎದುರಿಗೆ ಹೋಗಿ, ಮರಳುವಾಗ ಅದೇ ನಿಮ್ಮನ್ನು ತರುತ್ತದೆ. ಮೇಲೇರುವ ವೇಗ ನಿಮಿಷಕ್ಕೆ 9 ಮೀಟರ್ ಮೀರದಿರಲಿ, 5 ಮೀಟರಿನಲ್ಲಿ 3 ನಿಮಿಷ ನಿಲ್ಲಿ. ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿರುವ ಗಾಳಿ ಬಳಸುವ ಕೋರ್ಸನ್ನು ಮನೆಯಲ್ಲೇ ಮುಗಿಸಿಕೊಂಡು ಹೋದರೆ ದಿನಕ್ಕೆ ಮೂರು ಡೈವ್ ಮಾಡುವವರಿಗೆ ಅನುಕೂಲ. 32 ಶೇಕಡ ಆಮ್ಲಜನಕದ ಮಿಶ್ರಣದಲ್ಲಿ 33 ಮೀಟರ್ ದಾಟುವಂತಿಲ್ಲ, ಟ್ಯಾಂಕಿನ ಮಿಶ್ರಣವನ್ನು ನೀವೇ ಅಳೆದು ನೋಡಬೇಕು.

ಕೊನೆಯ ದಿನದ ಲೆಕ್ಕವನ್ನು ಟಿಕೆಟ್ ಕೊಳ್ಳುವಾಗಲೇ ಹಾಕಿ. ಹಲವು ದಿನ ಡೈವ್ ಮಾಡಿದವರು ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ನಾನು 24 ಎಂದೇ ಇಟ್ಟುಕೊಳ್ಳುತ್ತೇನೆ. ಆ ದಿನ ವಾಷಿಂಗ್ಟನ್ ಸ್ಲಾಗ್‌ಬಾಯ್ ಉದ್ಯಾನಕ್ಕೆ ಹೋಗಿ ಫ್ಲೆಮಿಂಗೊ ಹಕ್ಕಿಗಳನ್ನು ನೋಡಬಹುದು, ನಿಸರ್ಗ ಶುಲ್ಕದ ರಸೀದಿ ಜೊತೆಗಿರಲಿ. ದಕ್ಷಿಣದಲ್ಲಿ ಗುಲಾಬಿ ಬಣ್ಣದ ಉಪ್ಪಿನ ಗದ್ದೆಗಳಿವೆ. ಅವುಗಳ ಪಕ್ಕದಲ್ಲಿ, ಉಪ್ಪು ತೆಗೆಯಲು ಗುಲಾಮರನ್ನು ಇರಿಸಲು 1850ರಲ್ಲಿ ಕಟ್ಟಿದ, ಬಗ್ಗಿ ನುಗ್ಗಬೇಕಾದಷ್ಟು ತಗ್ಗಿನ ಕಲ್ಲುಗುಡಿಸಲುಗಳಿವೆ. ಒಳಗೆ ಹೋಗಿ ನೋಡಿ ಬನ್ನಿ.

ಸಾಮಾನು ತೊಳೆಯುವ ಕೆಲಸ ಅದಕ್ಕೂ ಹಿಂದಿನ ಸಂಜೆಯದು. ಕಲ್ಲುಹವಳಗಳ ಜೀವಕೋಶ ಕರಗಿಸುವ ರೋಗವೊಂದು ಫ್ಲಾರಿಡಾದಿಂದ ಹಬ್ಬುತ್ತ 2023ರಲ್ಲಿ ಬೊನೇರ್‌ಗೂ ಬಂದಿದೆ. ಆದ್ದರಿಂದ ಬರಿಯ ನೀರು ಸಾಲದು, ಡೈವಿಂಗ್ ಅಂಗಡಿಯಲ್ಲಿ ಇಟ್ಟಿರುವ ಸೋಂಕುನಿವಾರಕದಲ್ಲಿ ಅವರು ಹೇಳಿದಷ್ಟು ಹೊತ್ತು ಅದ್ದಿ, ಆಮೇಲೆ ಸಿಹಿನೀರಿನಲ್ಲಿ ಜಾಲಿಸಿ. ಮನೆಯಿಂದ ಹೊರಡುವಾಗಲೂ ಇದನ್ನೇ ಮಾಡಿರಬೇಕು, ಅದರಲ್ಲೂ ಫ್ಲಾರಿಡಾದಲ್ಲಿ ಬಳಸಿದ ಸಾಮಾನಾದರೆ. ಸೂಟ್ ನೆರಳಿನಲ್ಲಿ ಒಣಗಲಿ. ಬೂಟುಗಳು ಒಣಗಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕು. ಒದ್ದೆಯಾಗಿದ್ದರೆ ಲಗೇಜಿನ ತೂಕ ಮಿತಿ ಮೀರಿ ವಿಮಾನ ನಿಲ್ದಾಣದಲ್ಲಿ ದಂಡ ಕಟ್ಟಬೇಕಾಗುತ್ತದೆ.